ಡಿಕ್ಕಿಯಲ್ಲಿ ಬೀಗಿತಿ

ಮಕ್ಕಳನ್ನು ಕರೆದುಕೊಂಡು ಪೆನಾಂಗ್‌ವರೆಗೂ ಟೂರ್ ಹೋಗಿದ್ದೆವು ಎಂದು ನನ್ನ ಮಗಳು ಫೋನಿನಲ್ಲಿ ಎಲ್ಲರಿಗೂ ಹೇಳಿದಳು. ಟೂರೂ ಇಲ್ಲ, ಮಣ್ಣೂ ಇಲ್ಲ. ನನ್ನ ಅಳಿಯನಿಗೆ ಅವನ ತಾಯಿಯ ಅಸ್ಥಿ ಬಿಡಲು ಮನಸ್ಸು ಬರಲಿಲ್ಲ. ಅದನ್ನು ಡಿಕ್ಕಿಯಲ್ಲಿಟ್ಟುಕೊಂಡು ಮೂರು ಊರು ಕಾರು ಓಡಿಸಿದ, ಹಾಗೇ ವಾಪಸು ತಂದ. ನಡೆದದ್ದು ಇಷ್ಟೇ.

ಆ ತಾಯಿ ಎಂದರೆ ನನ್ನ ಬೀಗಿತಿ. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಏಳನೇ ಮಹಡಿಯ ಮನೆ. ಅವರು ಮೊದಲಿನಿಂದ ಮಗನ ಜೊತೆ ಇದ್ದವರು. ನಾನು ಮಗಳ ಎರಡನೇ ಬಾಣಂತನಕ್ಕೆ ಬಂದವಳು, ಕೊರೊನಾ ಬಂದು ವಿಮಾನ ನಿಂತು ಅಲ್ಲೇ ಉಳಿದೆ. ಇಬ್ಬರಿಗೂ ಒಂದೇ ಕೋಣೆ. ಅವರು ಮೈಸೂರಿನವರು, ಸಾರಿಗೆ ಬೆಲ್ಲ ಹಾಕುವರು. ನಾನು ದಾವಣಗೆರೆಯವಳು, ನನಗೆ ಖಾರ ಬೇಕು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಸತ್ತರು ಎಂದು ಈಗ ಅದನ್ನು ಬದಲಾಯಿಸಿ ಬರೆಯುವುದಿಲ್ಲ.

ಎರಡನೆಯ ವರ್ಷ ಅವರಿಗೆ ಕೊರೊನಾ ಬಂತು. ಮೈತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟವರು ಬಂದು ಕರೆದುಕೊಂಡು ಹೋದರು. ಅಳಿಯನನ್ನು ಆಂಬುಲೆನ್ಸ್ ಹತ್ತಲು ಬಿಡಲಿಲ್ಲ. ಆಮೇಲೆ ಯಾರೂ ಅವರ ಮುಖ ನೋಡಲಿಲ್ಲ. ನಮಗೆ ಸಿಕ್ಕಿದ್ದು ಒಂದು ಮಣ್ಣಿನ ಕುಡಿಕೆ, ಅದರೊಳಗೆ ಬೂದಿ, ಮೂಳೆಯ ಚೂರು, ಬಾಯಿಗೆ ಬಿಳಿ ಬಟ್ಟೆ.

ಅಸ್ಥಿಯನ್ನು ಮನೆಯೊಳಗೆ ತರಬಾರದು. ನಮ್ಮ ಕಡೆ ಹೊರಗೆ ಮರಕ್ಕೆ ಕಟ್ಟುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಯ ಮರ? ಕುಡಿಕೆಗೆ ಹಳೆಯ ಟವೆಲ್ ಸುತ್ತಿ, ಬಕೆಟ್ಟಿನಲ್ಲಿ ಕೂರಿಸಿ, ಕಾರಿನ ಡಿಕ್ಕಿಯಲ್ಲಿಟ್ಟರು. ಶ್ರೀರಂಗಪಟ್ಟಣಕ್ಕೇ ಒಯ್ಯುತ್ತೇನೆ, ಕಾವೇರಿಯಲ್ಲೇ ಬಿಡುತ್ತೇನೆ ಎಂದ ಅಳಿಯ. ಆದರೆ ಆಗ ಊರಿಗೆ ಹೋದವರನ್ನು ಮತ್ತೆ ಮಲೇಷ್ಯಾದೊಳಗೆ ಬಿಡುತ್ತಾರೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಹೋದರೆ ಕೆಲಸ ಹೋಗುತ್ತದೆ. ಹಾಗಾಗಿ ಕುಡಿಕೆ ಅಲ್ಲೇ ಉಳಿಯಿತು.

ಅಳಿಯ ನೆಲಮಾಳಿಗೆಗೆ ಇಳಿದು ಕಾರಿನಲ್ಲಿ ಕೂರಲು ಶುರು ಮಾಡಿದ. ಮೊದಮೊದಲು ಸಂಜೆ ಸ್ವಲ್ಪ ಹೊತ್ತು. ಆಮೇಲೆ ಲ್ಯಾಪ್‌ಟಾಪನ್ನೂ ಕೆಳಗೇ ಒಯ್ದ. ಊಟ ಡಬ್ಬಿಯಲ್ಲಿ ಹೋಗಬೇಕು. ನಿದ್ದೆಯೂ ಅಲ್ಲೇ ಆಯಿತು. ಚಿಕ್ಕ ಮಗುವಿಗೆ ಅಪ್ಪನ ಗುರುತು ತಪ್ಪಿ, ಅವನು ಎತ್ತಿಕೊಂಡರೆ ಕಿರುಚುತ್ತಿತ್ತು.

"ಬಿಟ್ಟು ಹೋಗೋರು ದೂರ ಹೋಗ್ತಾರಮ್ಮ. ಇವ್ರು ನನ್ನ ಬಿಟ್ಟು ಏಳೇ ಫ್ಲೋರ್ ಕೆಳಗೆ ಹೋಗಿದಾರೆ," ಎಂದಳು ಮಗಳು. "ಅದು ಡಿಕ್ಕಿಯಿಂದ ಹೋದ್ರೇನೇ ಇವ್ರು ಮೇಲೆ ಬರೋದು."

ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು ಎಂದು ಸರ್ಕಾರ ಬಿಟ್ಟ ಕೂಡಲೇ ಅವಳು ಹೋಟೆಲ್ ಬುಕ್ ಮಾಡಿದಳು. ದಾರಿಯಲ್ಲಿ ಒಳ್ಳೆ ನೀರು ಸಿಕ್ಕ ಕಡೆ ಬಿಡುವುದು ಎಂದು ಗಂಡನಿಂದ ಮಾತು ತೆಗೆದುಕೊಂಡಳು.

ಡಿಕ್ಕಿಯಲ್ಲಿ ಬೇರೆ ಏನೂ ಇಡಕೂಡದು ಎಂದ ಅಳಿಯ. ಸೂಟ್‌ಕೇಸು ನಮ್ಮ ಕಾಲಡಿ, ಮಗು ಕಕ್ಕ ಮಾಡುವ ಪಾಟಿ ನನ್ನ ತೊಡೆಯ ಮೇಲೆ.

"ಅಜ್ಜಿ, ಮೈಸೂರಜ್ಜಿ ಬೂಟ್‌ನಲ್ಲಿ ಇದಾರಾ?" ಎಂದಳು ಆರು ವರ್ಷದ ಮೊಮ್ಮಗಳು. ಡಿಕ್ಕಿಗೆ ಅವಳು ಬೂಟ್ ಎನ್ನುತ್ತಾಳೆ.

"ಹೂಂ."

"ಸೋ ಹಾಟ್ ಲಾ. ಏಸಿ ಅಲ್ಲೀವರ್ಗೂ ಹೋಗಲ್ಲ."

ಅಳಿಯ ಏಸಿ ಜೋರು ಮಾಡಿದ. ನಾನು ಸೆರಗು ಹೊದ್ದು ಕೂತೆ.

ಇಪೋದಲ್ಲಿ ಸೇತುವೆ ಹತ್ತಿರ ನಿಲ್ಲಿಸಿದ. ನೀರು ಹಾಲು ಹಾಕಿದ ಟೀ ಹಾಗಿತ್ತು. "ಇದ್ರಲ್ಲಾ? ಅಮ್ಮ ಕೈ ತೊಳೀತಿರ್ಲಿಲ್ಲ ಇದ್ರಲ್ಲಿ," ಎಂದು ಕಾರು ಹತ್ತಿದ. ಅದು ನಿಜ. ಕುವಾಲಾ ಕಂಗ್ಸಾರ್‌ನಲ್ಲಿ ಹೊಳೆ ಅಗಲವಾಗಿತ್ತು, ತಿಳಿಯಾಗಿಯೂ ಇತ್ತು. ಮೆಟ್ಟಿಲಿನ ಮೇಲೆ ಇಬ್ಬರು ಗಾಳ ಹಾಕಿ ಕೂತಿದ್ದರು.

"ಮೀನು ಹಿಡೀತಿದಾರೆ. ಅಮ್ಮನಿಗೆ ಆ ವಾಸ್ನೆನೇ ಆಗ್ತಿರ್ಲಿಲ್ಲ."

ಅಲ್ಲಿಯವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಅವನ ತಾಯಿ, ಅವನ ಕರ್ಮ. ಹೆಣ್ಣು ಕೊಟ್ಟವಳಿಗೆ ಅಲ್ಲಿ ಮಾತಿಲ್ಲ. ಆದರೂ ಮಾತು ಬಂತು.

"ಕಾವೇರೀಲಿ ಇರೋ ಮೀನು ಮಡಿ ಉಟ್ಕೊಂಡಿರ್ತಾವೇನ್ರಿ?"

ಮಗಳು ನಕ್ಕಳು. ನಗಬಾರದಿತ್ತು. ಅಲ್ಲಿಂದ ಪೆನಾಂಗ್‌ವರೆಗೆ ಅಳಿಯ ಎಲ್ಲೂ ನೀರಿನ ಹತ್ತಿರ ಕಾರು ನಿಲ್ಲಿಸಲಿಲ್ಲ. ದಾರಿಯಲ್ಲಿ ರೊಟ್ಟಿ ತಪಾವ್ ಮಾಡಿಸಿದೆವು, ಪಾರ್ಸಲ್‌ಗೆ ಅಲ್ಲಿ ಹಾಗೆನ್ನುವುದು. ಮಕ್ಕಳು ಅದನ್ನು ಸೀಟಿಗೆಲ್ಲ ಒರೆಸಿದವು. ಯಾರೂ ಬೈಯಲಿಲ್ಲ.

ಮಾರನೆಯ ಬೆಳಿಗ್ಗೆ ಸಮುದ್ರಕ್ಕೆ ಹೋದೆವು. ದಡದಲ್ಲಿ ಜನವಿಲ್ಲ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಳಿಯ ಪಂಚೆ ಉಟ್ಟು, ಮಾಸ್ಕ್ ತೆಗೆಯುವುದನ್ನೂ ಮರೆತು, ಕುಡಿಕೆ ಎತ್ತಿಕೊಂಡು ನೀರಿಗಿಳಿದ. ಮೊಣಕಾಲು, ಸೊಂಟ. ಈಗ ಬಿಡುತ್ತಾನೆ ಎಂದುಕೊಂಡೆವು. ಬಿಡಲಿಲ್ಲ, ಮುಂದಕ್ಕೆ ಹೋದ. ಎದೆಮಟ್ಟ. ಒಂದು ಅಲೆ ಬಂದು ತಲೆಯ ಮೇಲೆ ಹಾದುಹೋಯಿತು. ಎದ್ದ. ಎದ್ದವನು ದಡದ ಕಡೆ ತಿರುಗಲಿಲ್ಲ, ಮತ್ತೆ ಹೆಜ್ಜೆ ಹಾಕಿದ. ಅವನಿಗೆ ಈಜು ಬರುವುದಿಲ್ಲ. ಮಗಳು ಹೆಸರು ಹಿಡಿದು ಕೂಗಿದಳು. ದೊಡ್ಡವಳು ಅಳಲು ಶುರು ಮಾಡಿದಳು.

ನಾನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಸೀರೆ ಸಮೇತ ನೀರಿಗಿಳಿದೆ.

"ಬಿಡೋದಾದ್ರೆ ಬಿಡ್ರಿ! ಇಲ್ಲಾಂದ್ರೆ ಎತ್ಕೊಂಡು ಬರ್ರಿ! ಸಾಯೋದಕ್ಕೆ ನಿಮ್ಮಮ್ಮ ಒಬ್ರು ಸಾಕಾಗಿತ್ತು!"

ಮಗು ಕಿರುಚಿತು. ಅವನು ಅದಕ್ಕೆ ತಿರುಗಿದನೋ ನನ್ನ ಬಾಯಿಗೆ ತಿರುಗಿದನೋ ಗೊತ್ತಿಲ್ಲ. ಬಂದ. ಕುಡಿಕೆ ಎದೆಗೆ ಅವಚಿಕೊಂಡೇ ಬಂದ. ಬಟ್ಟೆಯ ಗಂಟು ಕೂಡ ಬಿಚ್ಚಿರಲಿಲ್ಲ.

"ಅವತ್ತು ಆಂಬುಲೆನ್ಸ್ ಹತ್ಲಿಲ್ಲ ಅತ್ತೆ," ಎಂದ, ಮರಳಿನ ಮೇಲೆ ಕೂತು. "ಒಬ್ರನ್ನೇ ಕಳಿಸ್ಬಿಟ್ಟೆ. ಇವತ್ತೂ ಇಲ್ಲೇ ಒಬ್ರನ್ನೇ ಬಿಟ್ಟು ಹೋಗ್ಲಾ?"

"ಹತ್ತಿಸ್ಕೊಳ್ಲಿಲ್ಲ ಅವ್ರು. ನಿಮ್ಮ ತಪ್ಪೇನೂ ಇಲ್ಲ," ಎಂದೆ. ಅದು ಅವನ ಕಿವಿಗೆ ಹೋಗಲಿಲ್ಲ.

ಇನ್ನೊಂದು ದಿನಕ್ಕೂ ಹೋಟೆಲ್ ಬುಕ್ ಆಗಿತ್ತು. ನಾವು ಉಳಿಯಲಿಲ್ಲ. ಕುಡಿಕೆ ಮತ್ತೆ ಬಕೆಟ್ಟಿಗೆ ಹೋಯಿತು, ನಾವು ಅಂದೇ ಹೊರಟು ಸಂಜೆಗೆ ಮನೆಗೆ ಬಂದೆವು. ಅಳಿಯ ನಮ್ಮನ್ನು ಲಿಫ್ಟಿನ ಹತ್ತಿರ ಇಳಿಸಿ, ಕಾರು ನಿಲ್ಲಿಸಿ, ಒಳಗೇ ಕೂತ. ಮಗಳು ಅವನಿಗೆ ಡಬ್ಬಿ ಕಳಿಸಲಿಲ್ಲ. ಮಕ್ಕಳನ್ನು ಕರೆದುಕೊಂಡು ನಿನ್ನ ಜೊತೆ ಊರಿಗೆ ಬಂದುಬಿಡುತ್ತೇನೆ, ಟಿಕೆಟ್ ನೋಡುತ್ತೇನೆ ಎಂದಳು. ಅವಳು ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬೆಳಿಗ್ಗೆ ಎದ್ದವಳೇ ಸ್ನಾನ ಮಾಡಿ ಕೆಳಗೆ ಹೋದೆ. ಅಳಿಯ ಸೀಟು ಹಿಂದಕ್ಕೆ ಒರಗಿಸಿ ಮಲಗಿದ್ದ. ಗಾಜು ತಟ್ಟಿದೆ.

"ಡಿಕ್ಕಿ ತೆಗೀರಿ."

ನಿದ್ದೆಗಣ್ಣಲ್ಲಿ ಒಳಗಿನಿಂದಲೇ ತೆಗೆದ. ನಾನು ಟವೆಲ್ ಸಮೇತ ಕುಡಿಕೆ ಎತ್ತಿಕೊಂಡೆ. ಅವನು ಬರಿಗಾಲಲ್ಲಿ ಓಡಿ ಬಂದ.

"ಅತ್ತೆ, ಏನ್ಮಾಡ್ತಿದೀರಾ? ಎಲ್ಲಿಗೆ?"

"ಮೇಲಕ್ಕೆ. ಅವ್ರ ಜಾಗ ನನ್ನ ಕೋಣೇಲಿ ಖಾಲಿ ಇದೆ."

"ಮನೆಯೊಳಗೆ ತರ್ಬಾರ್ದು ಅತ್ತೆ!"

"ನನಗೆ ಗೊತ್ತಿಲ್ವಾ? ಬಂದ ಪಾಪ ನನಗಿರ್ಲಿ. ಕಾವೇರಿಗೆ ಹೋಗೋವರ್ಗೂ ನಾನು ಕಾಯ್ಕೊಂಡಿರ್ತೀನಿ. ನಿಮಗೆ ಇಲ್ಲೇನು ಕೆಲ್ಸ ಇನ್ನು?"

ಲಿಫ್ಟ್ ಬಂತು. ಒಳಗೆ ಹೋಗಿ ನಿಂತೆ. ಅವನು ಹೊರಗೇ ನಿಂತಿದ್ದ, ಕುಡಿಕೆ ನೋಡುತ್ತ. ಬಾಗಿಲು ಮುಚ್ಚಿಕೊಳ್ಳದಂತೆ ಕಾಲು ಅಡ್ಡ ಇಟ್ಟು ಕಾದೆ. ಹತ್ತಿದ. ಕಾಲು ತೆಗೆದು ಏಳನೇ ಮಹಡಿಯ ಗುಂಡಿ ಒತ್ತಿದೆ.