ಸರ್ವಮಂಗಳಕ್ಕನ ಬೆನ್ನು

ಶನಿವಾರಸಂತೆ ಊರಿನ ಹೆಂಗಸರ ಬೆನ್ನಿನ ಅಳತೆಯೆಲ್ಲ ಸರ್ವಮಂಗಳಕ್ಕನಿಗೆ ಬಾಯಿಪಾಠ. ಯಾರ ಒಂದು ಭುಜ ಇಳಿದಿದೆ, ಬಾಣಂತನ ಮುಗಿದ ಮೇಲೆ ಯಾರು ಎಷ್ಟು ಊದಿಕೊಂಡಿದ್ದಾರೆ, ಎಲ್ಲವೂ ಗೊತ್ತು. ಆದರೆ ಒಬ್ಬರ ವಿಷಯ ಇನ್ನೊಬ್ಬರ ಹತ್ತಿರ ಆಡಿದವಳಲ್ಲ. ಸಂತೆಯ ದಿನ ಬ್ಲೌಸ್ ಪೀಸ್ ಕೊಟ್ಟರೆ ಮುಂದಿನ ಸಂತೆಗೆ ಹೊಲಿದಿಟ್ಟಿರುತ್ತಾಳೆ. ಅವಳ ಟೈಲರ್ ಅಂಗಡಿಗೂ ನನ್ನ ಬಳೆ ಅಂಗಡಿಗೂ ನಡುವೆ ಒಂದೇ ಗೋಡೆ. ಆಚೆ ಹೊಲಿಗೆ ಮಿಷನ್ ನಿಂತರೆ ಈಚೆ ನನಗೆ ಗೊತ್ತಾಗುತ್ತದೆ.

ಅಕ್ಕ ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ಅವ್ವನನ್ನು ನೋಡಿಕೊಳ್ಳುತ್ತಲೇ ವಯಸ್ಸು ಐವತ್ತು ದಾಟಿತು. ಅವ್ವ ಹೋದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ. ಜನ "ಪಾಪ" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನುವವರಲ್ಲಿ ಒಬ್ಬಳಾದರೂ ಒಂದು ಸಂಜೆ ಬಂದು ಅವಳ ಜೊತೆ ಕೂತದ್ದಿದೆಯೇ?

ಹೋದ ವರ್ಷ ಮಳೆ ನಿಲ್ಲುವ ಹೊತ್ತಿಗೆ ಒಂದು ದಿನ ಕತ್ತರಿ ಕೇಳಲು ಹೋದೆ. ಅಕ್ಕ ತನ್ನದೇ ಬ್ಲೌಸಿನ ಬಲಗಡೆಯ ಹೊಲಿಗೆ ಬಿಚ್ಚುತ್ತಿದ್ದಳು. ಮೊದಲೇ ಬಿಚ್ಚಿದ ಹೊಲಿಗೆಯ ಗುರುತು ಒಳಗಿನ ಬಟ್ಟೆಯಲ್ಲಿ ಇನ್ನೂ ಇತ್ತು. ಎಡಗಡೆ ಮಾತ್ರ ಮುಟ್ಟಿರಲಿಲ್ಲ.

"ದಪ್ಪ ಆಗಿದ್ದೀನಿ ಕಣೇ ಕುಸುಮಾ, ಬಿಗಿ ಆಗುತ್ತೆ" ಅಂದಳು.

"ದಪ್ಪ ಆಗೋರು ಒಂದೇ ಕಡೆ ಆಗ್ತಾರಾ? ತಿರುಗು, ನೋಡಣ."

ಬಲಗಡೆ ಹೆಗಲ ಮೂಳೆಯ ಕೆಳಗೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು! ಮೊದಲು ಹುಣಸೆಬೀಜದಷ್ಟಿತ್ತಂತೆ. ಆಗ ಮೆತ್ತಗಿತ್ತು, ಬೆರಳಿನಡಿ ಜಾರುತ್ತಿತ್ತು, ನೋವಿರಲಿಲ್ಲ. ಅವ್ವ ಮಲಗಿದಲ್ಲಿಂದಲೇ ಮಗಳ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳೇ ಮುಟ್ಟಿ ನೋಡಿ, "ಕೊಬ್ಬಿನ ಗಂಟು ಬಿಡು, ನಿಮ್ಮಪ್ಪಂಗೂ ಇತ್ತು" ಅಂದಿದ್ದಳು. ಅವ್ವ ಹೋದ ಮೇಲೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕನ ಬೆರಳು ಅದರ ಅಂಚಿನವರೆಗೆ ಮಾತ್ರ ಹೋಗುತ್ತಿತ್ತು. ಮೊಬೈಲಿನಲ್ಲಿ ಫೋಟೊ ತೆಗೆಯಲು ಹೋದರೆ ಗೋಡೆಯ ಕ್ಯಾಲೆಂಡರ್ ಬಂತಂತೆ. ಹಾಗಾಗಿ ಬಿಗಿಯಾದಾಗಲೆಲ್ಲ ಒಂದೊಂದು ಹೊಲಿಗೆ ಬಿಚ್ಚಿ ಗಂಟಿಗೆ ಜಾಗ ಮಾಡಿಕೊಟ್ಟಿದ್ದಳು, ಪುಣ್ಯಾತ್ಗಿತ್ತಿ!

"ಈಗ ನೋಯುತ್ತಾ?"

"ಮಗ್ಗುಲಾದ್ರೆ ಸ್ವಲ್ಪ."

"ಮತ್ತೆ ಡಾಕ್ಟರಿಗೆ ಯಾಕೆ ತೋರಿಸ್ಲಿಲ್ಲ?"

ಅಕ್ಕ ನೂಲಿನ ತುಂಡು ಆರಿಸುತ್ತಾ ಹೇಳಿದಳು, "ಕ್ಯಾನ್ಸರ್ ಅಂದ್ಬಿಟ್ರೆ? ಅವ್ವಂಗೆ ನಾನಿದ್ದೆ. ನಂಗೆ ಯಾರಿದ್ದಾರೆ?"

ಸಂಕಟವಾದರೆ ನನಗೆ ಬರುವುದು ಬೈಗುಳವೇ. "ಬಾಯ್ಮುಚ್ಚು! ನಾಳೆ ಬೆಳಿಗ್ಗೆ ಮಡಿಕೇರಿ ಬಸ್ಸು ಹತ್ತುತ್ತೀವಿ" ಅಂದೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒತ್ತಿ ನೋಡಿ, ಯಾವಾಗಿನಿಂದ ಬೆಳೆಯುತ್ತಿದೆ ಎಂದು ಕೇಳಿದರು. "ಎರಡು ಹೊಲಿಗೆ ಬಿಚ್ಚಿದ್ದೀನಿ ಮೇಡಂ" ಅಂದಳು ಅಕ್ಕ. ಅವರಿಗೆ ಅರ್ಥವಾಗಲಿಲ್ಲ, ನಾನೇ ಬಿಡಿಸಿ ಹೇಳಿದೆ.

"ಇಂಥ ಗಂಟು ಸಾಮಾನ್ಯವಾಗಿ ಏನೂ ಮಾಡಲ್ಲಮ್ಮ. ಆದ್ರೆ ಬೆಳೀತಾ ಇದ್ರೆ, ಗಟ್ಟಿ ಆದ್ರೆ, ನೋವು ಬಂದ್ರೆ ತೋರಿಸ್ಲೇಬೇಕು. ಕೈಯಲ್ಲಿ ಮುಟ್ಟಿ ಖಂಡಿತ ಹೇಳೋಕಾಗಲ್ಲ" ಅಂದರು ಅವರು.

ಸ್ಕ್ಯಾನ್ ಆಯಿತು. ಆ ಜಾಗವನ್ನಷ್ಟೇ ಮರಗಟ್ಟಿಸಿ ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಗೋಡೆಯಾಚೆ ಮಿಷನ್ ಸದ್ದಿಲ್ಲ. ಹೋಗಿ ನೋಡಿದರೆ ಅಕ್ಕ ದೀಪ ಹಾಕದೆ ಕೂತಿರುತ್ತಿದ್ದಳು. ಕಟ್ಟು ಬದಲಿಸಿ, ಅನ್ನ ಬಡಿಸಿ, ಉಂಡಳೋ ಇಲ್ಲವೋ ನೋಡಿಕೊಂಡೇ ನಾನು ಮನೆಗೆ ಹೋಗುತ್ತಿದ್ದೆ.

ಬರೀ ಕೊಬ್ಬು, ಹೆದರುವಂಥದ್ದೇನಿಲ್ಲ ಎಂದು ರಿಪೋರ್ಟ್ ಬಂತು. ಡಾಕ್ಟರಮ್ಮ, "ಮತ್ತೆ ಅಲ್ಲೇ ಬರೋದು ಅಪರೂಪ. ಆದ್ರೂ ಆಗಾಗ ಮನೆಯವರು ಯಾರಾದ್ರೂ ಮುಟ್ಟಿ ನೋಡ್ಲಿ" ಅಂದರು. ಅಕ್ಕ ತಲೆ ತಗ್ಗಿಸಿದಳು. "ನಾನು ನೋಡ್ತೀನಿ ಮೇಡಂ" ಅಂದೆ.

ಬ್ಲೌಸಿನ ಬಲಗಡೆಯನ್ನು ಅಕ್ಕ ಮತ್ತೆ ಮೊದಲಿನ ಅಳತೆಗೆ ಹೊಲಿದುಕೊಂಡಿದ್ದಾಳೆ. ಆಗಾಗ ಎಂದಿದ್ದರು ಡಾಕ್ಟರಮ್ಮ. ಇವಳು ಸಂತೆ ಮುಗಿದ ಪ್ರತಿ ಸಂಜೆ ಬರುತ್ತಾಳೆ. ನಾನು ಶಟರ್ ಎಳೆದ ಮೇಲೆ ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂರುತ್ತಾಳೆ.

"ಮತ್ತೆ ಬಂದಿದೆಯೇನೋ ನೋಡೇ."

ಗಾಯದ ಗೆರೆ ಬಿಟ್ಟರೆ ಅಲ್ಲಿ ಏನೂ ಇಲ್ಲ. ಇಲ್ಲ ಅಂದ ತಕ್ಷಣ ಅವಳು ಎದ್ದು ಅಂಗಡಿ ಹಿಂದಿನ ಆ ಕೋಣೆಗೆ ಹೋಗಬೇಕು. ಅದಕ್ಕೇ ನಾನು ಅಂಗೈಯನ್ನು ಅಲ್ಲೇ ಇಟ್ಟುಕೊಂಡು, "ತಡಿ ಅಕ್ಕ, ಇನ್ನೂ ಸರಿಯಾಗಿ ನೋಡಿಲ್ಲ" ಅನ್ನುತ್ತೇನೆ.