ಹಿನ್ನೀರಿನ ದಂಡೆಯ ನಾಲ್ಕು ತತ್ತಿಗಳು

ಈಗ ಹೇಳಹೊರಟಿರುವುದು ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಕೆಲವು ವಾರಗಳ ಹಿಂದೆ ಕೊಪ್ಪಳದಿಂದ ಮುನಿರಾಬಾದಿಗೆ ಹೋಗುವಾಗ, ಗಿಣಿಗೇರಾ ದಾಟಿ ಕಾರ್ಖಾನೆಗಳ ಹೊಗೆ ಹಿಂದೆ ಬಿದ್ದ ಮೇಲೆ, ಬಸ್ಸಿನ ಕಿಟಕಿಯಿಂದ ಕುರಿಹಿಕ್ಕೆಯ ಮತ್ತು ಒಣಗುತ್ತಿರುವ ಕೆಸರಿನ ವಾಸನೆ ಒಟ್ಟಿಗೇ ಬಂತು. ಅದರೊಂದಿಗೆ ಹಳೆಯ ಒಂದು ಮಧ್ಯಾಹ್ನ ಇಡಿಯಾಗಿ ನೆನಪಾಯಿತು. ಇಡಿಯಾಗಿ ನೆನಪಾಗುವುದನ್ನು ನಂಬಬೇಡಿ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಬಹುಶಃ ಇದೊಂದೇ. ಕಲಿತ ಮೇಲೆ, ಮನೆಮಂದಿ ಹಳೆಯ ಕತೆ ತೆಗೆಯುವ ಹಬ್ಬದ ಊಟಕ್ಕೂ ನೆಮ್ಮದಿಯಿಂದ ಕೂತಿಲ್ಲ.

ಆಗ ನನಗೆ ನೀರುಹಕ್ಕಿಗಳ ಹುಚ್ಚು ಹೊಸದು. ಮಳೆಗಾಲದಲ್ಲಿ ಹೊಲಗಳ ಅಂಚು ನುಂಗುವ ಮುನಿರಾಬಾದಿನ ಅಣೆಕಟ್ಟೆಯ ಹಿನ್ನೀರು ಯುಗಾದಿಯ ಹೊತ್ತಿಗೆ ಹಿಂದೆ ಸರಿದು ಕೆಸರಿನ ಬಯಲು ಬಿಡುತ್ತದೆ. ಅಲ್ಲಿ ಗೊರವಗಳು, ಮೆಟ್ಟುಗಾಲು ಹಕ್ಕಿಗಳು ಬಂದಿಳಿಯುತ್ತವೆ. ಯಾವುದು ಬಂತು, ಯಾವುದು ಉಳಿಯಿತು ಎಂದು ನೋಡುತ್ತ ಅಲೆಯುವುದು ನನ್ನ ರಜೆಯ ಕೆಲಸ. ಮೆಟ್ಟುಗಾಲು ಹಕ್ಕಿಯನ್ನು ನೀವೂ ನೋಡಿರುತ್ತೀರಿ: ಬಿಳಿ ಮೈ, ಕರಿ ರೆಕ್ಕೆ, ಅಳತೆ ತಪ್ಪಿ ಹೊಲಿದಂಥ ಉದ್ದನೆಯ ಗುಲಾಬಿ ಕಾಲು. ನನ್ನ ಚಿಕ್ಕಮ್ಮನ (ನಮ್ಮ ಕಡೆ ಚಿಗವ್ವ ಎನ್ನುತ್ತೇವೆ) ಹೊಲದ ಕೆಳಗಿನ ತುಂಡಿನಲ್ಲಿ, ನೀರಿಗೆ ಸಮೀಪ, ಅಂಥದೊಂದು ಹಕ್ಕಿ ನಾಲ್ಕು ತತ್ತಿ ಇಟ್ಟಿತ್ತು.

ನಾನು ಆ ಗೂಡು ಕಂಡ ದಿನವೇ ಸಂಜೆ ಆ ತುಂಡಿನಲ್ಲಿ ಕುರಿ ತರುಬುವುದಿತ್ತು. ರಾತ್ರಿಯಿಡೀ ಹಿಂಡನ್ನು ಬಲೆಯೊಳಗೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ. ಚಿಗವ್ವ ತನ್ನ ಸರದಿಗಾಗಿ ಕಾದಿದ್ದಳು; ಮರುದಿನ ಹಿಂಡು ಪಕ್ಕದವರ ಹೊಲಕ್ಕೆ ಹೋಗುತ್ತದೆ. ಕುರಿಗಳ ಕಾಲಿಗೆ ಸಿಕ್ಕರೆ ತತ್ತಿ ಒಂದೂ ಉಳಿಯದು.

ಕುರಿಗಾರ ಬೀರಪ್ಪ ಬಲೆಗೆ ಗೂಟ ಬಡಿಯುತ್ತಲೇ ಹೇಳಿದ: "ಸರ, ನಾನೂ ಮುಂಜಾನಿಂದ ನೋಡಾಕತ್ತೀನಿ. ಅದು ತತ್ತಿ ಮ್ಯಾಲೆ ಕುಂದರವಲ್ದು. ಘಳಿಗಿಗೊಮ್ಮೆ ಎದ್ದು ನೀರಿಗೆ ಓಡತೈತಿ. ಈ ಬಿಸಲಾಗ ತತ್ತಿ ಬೆಂದಿರ್ತಾವ. ಬೆಂದ ತತ್ತಿಗೆ ಕಾವಲೇನ್ರಿ?"

ನಾನು ದುರ್ಬೀನು ಇಳಿಸದೆ, "ಸುಮ್ನ ಹೋಗಿ ಬರಂಗಿಲ್ಲಪಾ. ಎದಿ ಒದ್ದಿ ಮಾಡ್ಕೊಂಡು ಬಂದು ಕುಂದರತೈತಿ. ನೀರು ತೊಟ್ಟಿಕ್ಕೂದು ನೋಡೀನಿ" ಎಂದೆ.

"ಜಳಕ ಮಾಡಿ ಮಡೀಲೆ ಕುಂದರತೈತೇನ್ರಿ? ಬಿಸಲು ನೆತ್ತಿಗೇರೇತಿ ನಿಮಗ. ಅಕ್ಕಾರ, ನಿಮ್ಮ ಮಗಗ ಮಜ್ಜಿಗಿ ಕುಡಸ್ರಿ."

ಚಿಗವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಗು ಮುಗಿಸಿ ತತ್ತಿಗಳ ಕಡೆ ನೋಡಿದಳು, ಆಮೇಲೆ ಬಲೆಯ ಕಡೆ.

"ಬೀರಪ್ಪಾ, ಬಲಿ ಮ್ಯಾಲಕ್ಕ ಎಳಿ. ಮಡೀಲಿದ್ದಾಕಿ ಮ್ಯಾಲೆ ಕುರಿ ಹಾಯಿಸಿದ್ರ ಮುಂದಿನ ಜನ್ಮಕ್ಕ ನೀನ ಕುರಿ ಆಗಿ ಹುಟ್ಟತಿ ನೋಡು."

"ಕೆಳಗಿನ ತುಂಡಿಗೆ ಗೊಬ್ಬರ ಬೀಳಂಗಿಲ್ರಿ ಮತ್ತ."

"ಬೀಳದಿದ್ರ ಬ್ಯಾಡ. ಹಕ್ಕಿ ಹಿಕ್ಕಿ ಐತೆಲ್ಲ."

ಬಲೆ ಮೇಲಕ್ಕೆ ಸರಿಯಿತು. ಮುಂದೆ ನಾಲ್ಕು ಮರಿಗಳು ತಾಯಿಯ ಹಿಂದೆ ಕೆಸರಿನಲ್ಲಿ ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಮರುದಿನವೇ ನಾನು ಕೊಪ್ಪಳಕ್ಕೆ ಮರಳಿದ್ದೆ. ಮರಿಗಳನ್ನು ನೋಡಿದ್ದು ಯಾವ ಕಣ್ಣಿಂದ? ಈ ಸಲ ಬಸ್ಸಿನಲ್ಲಿ ಈ ಪ್ರಶ್ನೆ ಕುಟುಕಿ, ಕೂತಲ್ಲಿಂದಲೇ ಚಿಗವ್ವನಿಗೆ ಫೋನ್ ಮಾಡಿದೆ.

"ಯಾವ ಹಕ್ಕಿನೋ ತಮ್ಮಾ? ಕೆಳಗ ಹಸಿ ಇತ್ತು, ಕುರಿ ಕಾಲು ಕೊಳೀತಾವಂತ ಬೀರಪ್ಪ ತಾನ ಬಲಿ ಮ್ಯಾಲಕ್ಕ ಎಳದಾ. ನೀ ಬಿಸಲಾಗ ಕುಂತು ಏನೇನೋ ಹರಟಾಕತ್ತಿದ್ದಿ, ಅದು ನೆನಪೈತಿ. ಉಂಡಿಯಿಲ್ಲೋ?"

ಉಂಡಿದ್ದೇನೆ ಎಂದೆ. ಮನಸ್ಸು ಮಾತ್ರ ಮುದುಡಿತು. ಚಿಗವ್ವನ ಬಗ್ಗೆ ಯಾರಿಗೇ ಹೇಳುವಾಗಲೂ ನಾನು ಈ ಮಧ್ಯಾಹ್ನದಿಂದಲೇ ಶುರು ಮಾಡುತ್ತಿದ್ದೆ. ಹಾಗಾದರೆ ಆ ದಯೆಯನ್ನು ನಾನೇ ಕಟ್ಟಿ ಅವಳಿಗೆ ತೊಡಿಸಿದೆನೆ? ಹಕ್ಕಿಯ ಒದ್ದೆ ಎದೆಯೂ ಬಿಸಿಲಿನ ಭ್ರಮೆಯೇ ಆಗಿದ್ದರೆ, ಉಳಿದದ್ದಕ್ಕೆ ನಿಲ್ಲಲು ನೆಲವೇ ಇರಲಿಲ್ಲ.

ಮುನಿರಾಬಾದಿನಲ್ಲಿ ಇಳಿದವನು ಬಂದ ಕೆಲಸ ಬಿಟ್ಟು ದಂಡೆಗೆ ನಡೆದೆ. ಆ ದಿನ ಗೂಡು ಸಿಗಲಿಲ್ಲ. ಮರುವಾರ ಮತ್ತೆ ಹೋದೆ, ಸಿಕ್ಕಿತು. ಮೊದಲು ಮಜ್ಜಿಗೆ ಕುಡಿದು, ಛತ್ರಿ ಬಿಚ್ಚಿಕೊಂಡು ದೂರದಲ್ಲಿ ಕೂತೆ. ನೆತ್ತಿಯ ಬಿಸಿಲಿಗೆ ಹಕ್ಕಿ ಎದ್ದು ನೀರಿಗೆ ನಡೆಯಿತು. ಬೀರಪ್ಪ ಹೇಳಿದಂತೆ ತತ್ತಿಗಳನ್ನು ಬಿಟ್ಟೇ ಹೋದಂತೆ ಕಂಡಿತು. ಆಮೇಲೆ ಆ ಉದ್ದನೆಯ ಕಾಲು ಮಡಚಿ, ಎದೆಯನ್ನು ಅದ್ದಿ ಅದ್ದಿ ತೆಗೆದು, ಹನಿ ತೊಟ್ಟಿಕ್ಕಿಸುತ್ತ ಮರಳಿ ಬಂದು ತತ್ತಿಗಳ ಮೇಲೆ ಕೂತಿತು.

ಅಂದು ಬಲೆ ಎಳೆಸಿದ್ದು ಯಾರೆಂದು ಇನ್ನು ಚಿಗವ್ವನನ್ನು ಕೇಳಿ ಕಾಡುವುದಿಲ್ಲ. ಅವಳ ನೆನಪು ಅವಳಿಗಿರಲಿ, ನನ್ನದು ನನಗೆ. ಹಕ್ಕಿ ಮಾತ್ರ ಸುಡುವ ಮಧ್ಯಾಹ್ನದಲ್ಲಿ ಎದೆಯ ಗರಿಗಳಲ್ಲಿ ನೀರು ತಂದು ತತ್ತಿಗಳನ್ನು ತಣ್ಣಗಿಡುತ್ತದೆ. ಇದನ್ನು ಪರೀಕ್ಷಿಸಿದ್ದೇನೆ.