ಅರ್ಧ ತೆರೆದ ಬ್ರೇಕ್

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮುಂಬೈನ ಒಂದು ಲಿಫ್ಟ್ ಕಂಪನಿಯ ವಿಕ್ರೋಳಿ ಕಚೇರಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಆ ಬೇಸಿಗೆಯಲ್ಲಿ ಮುಲುಂಡ್‌ನ ಏಳು ಮಹಡಿಯ ಒಂದು ಹಳೆಯ ವಸತಿ ಸೊಸೈಟಿಯಿಂದ ಒಂದೇ ದೂರು ಪದೇ ಪದೇ ಬರುತ್ತಿತ್ತು. ಇರುವ ಒಂದೇ ಲಿಫ್ಟ್ ಮಧ್ಯಾಹ್ನದ ಹೊತ್ತು ಮಹಡಿಗಳ ನಡುವೆ ನಿಂತುಬಿಡುತ್ತಿತ್ತು. ಮೆಕ್ಯಾನಿಕ್ ಹೋಗಿ ಒಳಗಿದ್ದವರನ್ನು ಇಳಿಸಿ ಮೀಟರ್ ಹಿಡಿಯುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಬ್ರೇಕ್ ಕಾಯಿಲ್ ಬದಲಾಯಿಸಿದ್ದಾಗಿತ್ತು. ಆದರೂ ಲಿಫ್ಟ್ ನಿಲ್ಲುವುದು ತಪ್ಪಲಿಲ್ಲ.

ಏಳನೇ ಮಹಡಿಯಲ್ಲಿದ್ದ ಮಹಾದೇವಿ ಅಕ್ಕ ವಿಜಯಪುರದ ಕಡೆಯವರು. ಗಂಡನ ಬಟ್ಟೆ ವ್ಯಾಪಾರದ ಜೊತೆ ಮುಂಬೈಗೆ ಬಂದು ಇಲ್ಲೇ ನೆಲೆಸಿದ್ದರು. ವಾರಕ್ಕೆ ಮೂರು ಸಲ ಅವರಿಗೆ ಡಯಾಲಿಸಿಸ್ ಆಗಬೇಕಿತ್ತು. ಎರಡು ಸಲ ಲಿಫ್ಟ್‌ನಲ್ಲಿ ಸಿಕ್ಕಿಕೊಂಡ ಮೇಲೆ ಹೆದರಿ, ಒಂದು ದಿನ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟರು. ಮರುದಿನ ಉಸಿರಾಟ ಕಷ್ಟವಾಗಿ, ನೆರೆಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ಇಳಿಸಬೇಕಾಯಿತು. ಇದನ್ನು ಕೇಳಿದ ಮೇಲೆ ನಾನೇ ಹೊರಟೆ.

ಲಿಫ್ಟ್‌ನ ಬ್ರೇಕನ್ನು ಸ್ಪ್ರಿಂಗ್ ಹಿಡಿದಿರುತ್ತದೆ. ಕರೆಂಟ್ ಹರಿದು ಕಾಯಿಲ್, ಅಂದರೆ ತಾಮ್ರದ ತಂತಿಯ ಸುರುಳಿ, ಅಯಸ್ಕಾಂತವಾದಾಗ ಮಾತ್ರ ಅದು ತೆರೆಯುತ್ತದೆ. ಕರೆಂಟ್ ಸಾಲದೆ ಅರ್ಧವೇ ತೆರೆದರೆ, ಇಲ್ಲವೇ ಓಡುವಾಗ ಅರ್ಧ ಮುಚ್ಚಿದರೆ, ಲಿಫ್ಟ್ ನಡೆಸುವ ಕಂಟ್ರೋಲರ್ ಅದನ್ನು ನಿಲ್ಲಿಸಿಬಿಡುತ್ತದೆ. ನನ್ನ ಅನುಮಾನ ಅದರ ಮೇಲೆಯೇ ಇತ್ತು. ನನ್ನ ಮೆಕ್ಯಾನಿಕ್ ಸಾವಂತ್ ಅನುಭವಸ್ಥ. ಬೆಳಿಗ್ಗೆಯೇ ಮೇಲಿನ ಮಷೀನ್ ರೂಮಿನಲ್ಲಿ ಬ್ರೇಕ್ ಸರ್ಕಿಟ್‌ಗೆ ಮೀಟರ್ ಜೋಡಿಸಿ ಕೂತ. ನಾನು ಲಿಫ್ಟ್‌ನೊಳಗೆ ಓಡಾಡತೊಡಗಿದೆ. ಆಗ ಕಾಯಿಲ್‌ಗೆ 110 ವೋಲ್ಟ್ ಸಿಗುತ್ತಿತ್ತು, 1 ಆಂಪಿಯರ್ ಹರಿಯುತ್ತಿತ್ತು. ಒಂದು ತಪ್ಪೂ ಇರಲಿಲ್ಲ.

ಮಧ್ಯಾಹ್ನ ಮಹಾದೇವಿ ಅಕ್ಕ ಆಸ್ಪತ್ರೆಯಿಂದ ಬಂದರು. ತೋಳಿಗೆ ಪಟ್ಟಿ ಕಟ್ಟಿತ್ತು. ನಾನು ಒಳಗಿದ್ದೇನೆಂಬ ಧೈರ್ಯದಿಂದ ಹತ್ತಿದರು. ನಾಲ್ಕನೇ ಮಹಡಿ ದಾಟಿದ ಕೂಡಲೇ ಲಿಫ್ಟ್ ಗಕ್ಕನೆ ನಿಂತಿತು.

ಅವರು ಗೋಡೆಗೆ ಒರಗಿ ಹಾಗೇ ಕೆಳಗೆ ಕುಳಿತರು. ಜಾಲರಿ ಬಾಗಿಲಿನಾಚೆ ಬರಿಯ ಸಿಮೆಂಟ್ ಗೋಡೆ. ಮೇಲಿನ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು.

"ಬೀಳ್ತದೇನ್ರಿ ಸಾಹೇಬ್ರ?"

"ಇಲ್ರಿ ಅಕ್ಕಾರ. ಬ್ರೇಕ್ ಗಟ್ಟಿ ಹಿಡದೈತಿ."

ನಾನು ಸಾವಂತ್‌ಗೆ ಫೋನ್ ಮಾಡಿದೆ. "ಸಾಬ್, ಬ್ರೇಕ್ ಚಲ್ತೇ ಚಲ್ತೇ ಆಧಾ ಬಂದ್ ಹೋ ಗಯಾ," ಎಂದ. ಓಡುತ್ತಿದ್ದ ಹಾಗೇ ಬ್ರೇಕ್ ಅರ್ಧ ಮುಚ್ಚಿದ್ದರಿಂದ ಕಂಟ್ರೋಲರ್ ಲಿಫ್ಟನ್ನು ನಿಲ್ಲಿಸಿತ್ತು.

ಅವನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಮೇನ್ ಸ್ವಿಚ್ ಆರಿಸಿ, ಕೈಯಿಂದ ಬ್ರೇಕ್ ಸಡಿಲಿಸಿ, ನಮ್ಮನ್ನು ಹತ್ತಿರದ ಮಹಡಿಗೆ ತರುತ್ತಿದ್ದ. ಆದರೆ ಅಷ್ಟರಲ್ಲಿ ಸರ್ಕಿಟ್ ತಣ್ಣಗಾಗಿ, ಬಿಸಿಯಲ್ಲಷ್ಟೇ ಕಾಣುವ ದೋಷ ಮತ್ತೆ ಅಡಗಿಕೊಳ್ಳುತ್ತಿತ್ತು. ಒಳಗೆ ಬೇರೆ ಯಾರಾದರೂ ಇದ್ದಿದ್ದರೆ ನಾನು ಕೇಳದೆಯೇ ಅಳತೆ ಮುಗಿಸುತ್ತಿದ್ದೆನೇನೋ. ಇವರ ಮುಖ ನೋಡಿ ಹಾಗೆ ಮಾಡಲಾಗಲಿಲ್ಲ.

"ಅಕ್ಕಾರ, ಈಗ್ಲೇ ಇಳಸಬಹುದು. ಆದ್ರ ಲಿಫ್ಟಿನ ರೋಗ ಸಿಗೂದಿಲ್ಲ. ಈಗ ಮೀಟರ್ ಹಿಡದು ಅಳದ್ರ ಸಿಗಬಹುದು. ಅಳಿಯಾಕ ಲಿಫ್ಟ್ ಎರಡು ಸಲ ಕುಲುಕ್ತೈತಿ. ನೀವು ಹೆಂಗ ಹೇಳ್ತೀರಿ ಹಂಗ."

ಅವರು ತಲೆ ಎತ್ತಿ ಕೇಳಿದರು. "ಇಳಿಸಿದ್ರ, ಗುರುವಾರ ನಾ ಮತ್ತ ಇದರಾಗ ಹತ್ತಬೇಕಲ್ರಿ?"

"ಹೌದ್ರಿ."

"ಹಂಗಾರ ಅಳೀರಿ. ಕುಲುಕೂಕಿಂತ ಮೊದಲ ನನಗ ಹೇಳ್ರಿ, ಅಷ್ಟ."

ಕುಲುಕುವ ಮೊದಲು ಅವರಿಗೆ ಹೇಳಿ, ಅವರ ಕೈ ಹಿಡಿದುಕೊಂಡೆ. ಸಾವಂತ್ ಮೇಲಿಂದ ಲಿಫ್ಟ್ ನಡೆಸಲು ಯತ್ನಿಸಿದ. ನೆಲ ಅದುರಿತು, ನಿಂತಿತು. ಕಂಟ್ರೋಲರ್‌ನಿಂದ 110 ವೋಲ್ಟ್ ಸರಿಯಾಗಿಯೇ ಹೊರಡುತ್ತಿತ್ತು, ಆದರೆ ಹರಿದದ್ದು ಅರ್ಧ ಆಂಪಿಯರ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಸಿಗುತ್ತದೆ. ಬೆಳಿಗ್ಗೆ 110 ಓಮ್ ಇದ್ದದ್ದು ಈಗ 220 ಆಗಿತ್ತು. ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ, ನಿಜ. ಆದರೆ ಸರಿಯಾಗಿರುವ ಕಾಯಿಲ್‌ನಲ್ಲಿ ಅದು ಎರಡು ಪಟ್ಟಾಗುವುದಿಲ್ಲ.

ಎರಡನೇ ಸಲ ಮೀಟರನ್ನು ಕಾಯಿಲ್‌ನ ತುದಿಗಳಿಗೇ ಇಡಲು ಹೇಳಿದೆ. ಮಹಾದೇವಿ ಅಕ್ಕನ ಉಸಿರು ಜೋರಾಗಿತ್ತು. ಮತ್ತೆ ಕುಲುಕುತ್ತದೆಂದು ಅವರಿಗೆ ಹೇಳಿದೆ. ನನಗೂ ಆ ಪೆಟ್ಟಿಗೆ ಇನ್ನಷ್ಟು ಕಿರಿದಾದಂತೆ ಕಂಡಿತು. ಮತ್ತೆ ನೆಲ ಅದುರಿತು. ಕಾಯಿಲ್‌ಗೆ ತಲುಪಿದ್ದು 65 ವೋಲ್ಟ್ ಮಾತ್ರ. 65ನ್ನು ಅರ್ಧದಿಂದ ಭಾಗಿಸಿದರೆ 130 ಓಮ್. ಬಿಸಿ ಕಾಯಿಲ್‌ಗೆ ಅದು ಸಹಜ. ಅಂದರೆ ಕಾಯಿಲ್ ಚೆನ್ನಾಗಿತ್ತು. ಉಳಿದ 45 ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು. ಅದನ್ನು ಅರ್ಧ ಆಂಪಿಯರ್‌ನಿಂದ ಗುಣಿಸಿದೆ. ಇಪ್ಪತ್ತೆರಡೂವರೆ ವಾಟ್ ಶಾಖ. ತಂತಿಗಳ ನಡುವೆ ಬೆಸುಗೆ ಹಾಕುವ ಒಂದು ಸಣ್ಣ ಸೋಲ್ಡರಿಂಗ್ ಐರನ್ ಉರಿಯುತ್ತಿದ್ದ ಹಾಗೆ.

"ಸಿಕ್ತೇನ್ರಿ?"

"ಸಿಕ್ತು ಅಕ್ಕಾರ."

"ಹಂಗಾರ ಇಳಸ್ರಿ. ಇನ್ನ ನನ್ನ ಕೈಲಿ ಆಗೂದಿಲ್ಲ."

ಸಾವಂತ್ ಕೈಯಿಂದ ಬ್ರೇಕ್ ಸಡಿಲಿಸುತ್ತ ನಮ್ಮನ್ನು ಐದನೇ ಮಹಡಿಗೆ ತಂದ. ಅಲ್ಲಿನ ಮನೆಯವರು ಕುರ್ಚಿ ಹಾಕಿ ನೀರು ಕೊಟ್ಟರು. ಡಯಾಲಿಸಿಸ್ ಇದ್ದುದರಿಂದ ಅಕ್ಕ ಹೆಚ್ಚು ನೀರು ಕುಡಿಯುವಂತಿರಲಿಲ್ಲ, ಒಂದು ಗುಟುಕಿಗೇ ಲೋಟ ಕೆಳಗಿಟ್ಟರು.

ಮಷೀನ್ ರೂಮಿನ ತಂತಿಗಳ ಪೆಟ್ಟಿಗೆ ಬಿಚ್ಚಿದಾಗ ಸುಟ್ಟ ವಾಸನೆ ಬಂತು. ಯಾವಾಗಲೋ ಯಾರೋ ಬ್ರೇಕಿಗೆ ಹೋಗುವ ತಂತಿಯನ್ನು ಬರೀ ಹೊಸೆದು ಟೇಪ್ ಸುತ್ತಿದ್ದರು. ಜೋಡಣೆ ಕಪ್ಪಗಾಗಿತ್ತು, ಪಕ್ಕದ ತಂತಿಗಳ ಹೊದಿಕೆ ಕರಗತೊಡಗಿತ್ತು. ಇನ್ನೂ ಕೆಲವು ವಾರ ಬಿಟ್ಟಿದ್ದರೆ ಬೆಂಕಿಯೇ ಹತ್ತುತ್ತಿತ್ತು. ಅಷ್ಟೂ ತಂತಿ ಹೊಸದು ಹಾಕಿ, ಬ್ರೇಕ್ ಚೆನ್ನಾಗಿ ಬಿಸಿಯಾಗುವವರೆಗೆ ಖಾಲಿ ಲಿಫ್ಟ್ ಓಡಿಸಿ, ಕರೆಂಟ್ ಇಳಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆವು.

ಅಲ್ಲಿಯವರೆಗೆ ಐದನೇ ಮಹಡಿಯಲ್ಲೇ ಕಾದಿದ್ದ ಮಹಾದೇವಿ ಅಕ್ಕ ಸಂಜೆ ಲಿಫ್ಟ್ ಬಾಗಿಲಿಗೆ ಬಂದರು. "ನೀವೂ ಬರ್ರಿ," ಎಂದರು. ಏಳನೇ ಮಹಡಿಯವರೆಗೆ ನನ್ನ ತೋಳು ಬಿಡಲಿಲ್ಲ.

ಕೊನೆಯ ಎರಡು ವರ್ಷ ಹೊಸ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಭಾಗಾಕಾರ, ಗುಣಾಕಾರ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಹಾಗಾಗಿ ಮೊದಲ ಪಾಠಕ್ಕೆ ಅವರನ್ನು ಒಬ್ಬೊಬ್ಬರನ್ನಾಗಿ ಲಿಫ್ಟ್‌ನಲ್ಲಿ ಕೂರಿಸಿ, ಮಹಡಿಗಳ ನಡುವೆ ನಿಲ್ಲಿಸಿ, ಏನೂ ಹೇಳದೆ ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದೆ. ಹೊರಬಂದವರೆಲ್ಲ ಕೇಳುತ್ತಿದ್ದುದು ಒಂದೇ: ಯಾಕೆ ಏನೂ ಹೇಳಲಿಲ್ಲ? ಒಳಗೆ ಸಿಕ್ಕಿಕೊಂಡವರೂ ನಿಮ್ಮನ್ನು ಇದನ್ನೇ ಕೇಳುತ್ತಾರೆ ಎಂದು ಹೇಳಿ, ಆಮೇಲೆ ಅವರ ಕೈಗೆ ಮೀಟರ್ ಕೊಡುತ್ತಿದ್ದೆ.